ಎಡಗಡೆ ಸ್ಟೇರಿಂಗ್

1.
ಮೊದಲ ಫೋಟೋದಲ್ಲಿ ಕಾಣ್ತಿರೋ ಬಿಳಿ ಕೊರೊಲಾ ನಮ್ಮ ಮಾವಂದು. ಶಾರ್ಜಾದಲ್ಲಿ ಅವ್ನ ರೂಮಿನ ಕೆಳಗೆ ನಿಂತಿದ್ದಾಗ ತೆಗೆದದ್ದು. ನಂಬರ್ ಪ್ಲೇಟ್ ನಾನೇ ಮಸುಕು ಮಾಡಿದ್ದು. ಆ ಕಾರು ಊರಿಗೆ ಬರ್ಲಿಲ್ಲ. ಬರೂದಿಲ್ಲ ಅನ್ನೋದು ಗೊತ್ತಿಲ್ದೇ "ಬರ್ತದೆ ಮಾವಾ, ಡ್ಯೂಟಿ ಕಟ್ಟಿದ್ರೆ ಆಯ್ತು" ಅಂತ ಹೇಳಿದವ ನಾನು. ಆ ಒಂದು ಮಾತಿಗೆ ಎಷ್ಟು ಖರ್ಚಾಯ್ತು ಅಂತ ಮುಂದೆ ಬರೀತೇನೆ. ಪೂರ್ತಿ ಓದಿ, ಯಾಕಂದ್ರೆ ನಿಮ್ಮಲ್ಲಿ ಅರ್ಧ ಜನರ ಮನೇಲಿ ಇದೇ ಮಾತು ಒಂದಲ್ಲ ಒಂದು ದಿನ ಬರೋದೇ.

ನಮ್ಮ ಅಂಕೋಲಾ, ಕಾರವಾರ ಕಡೆ ಹೇಗೆ ಅಂತ ನಿಮ್ಗೆ ಗೊತ್ತಲ್ಲ. ಮನೆಗೊಬ್ರು ಗಲ್ಫಲ್ಲಿ, ಇಲ್ಲಾಂದ್ರೆ ಹಡಗಲ್ಲಿ, ಅದೂ ಇಲ್ಲಾಂದ್ರೆ ಗೋವಾದಲ್ಲಿ. ನಮ್ಮ ಮಾವ 17 ವರ್ಷ ಶಾರ್ಜಾದಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡ್ದ. ಮೊದ್ಲ ಹತ್ತು ವರ್ಷ ಕಂಪನಿ ಬಸ್ಸು. ಆಮೇಲೆ 2018ರಲ್ಲಿ ಈ ಕಾರು ತಗೊಂಡ. ಸೆಕೆಂಡ್ ಹ್ಯಾಂಡ್, 2015ರ ಮಾಡೆಲ್. ವಿಡಿಯೋ ಕಾಲ್ ಮಾಡಿದ್ರೆ ಅರ್ಧ ಮಾತು ಕಾರೊಳಗಿಂದ್ಲೇ. ಅಜ್ಜನಿಗೆ ಡ್ಯಾಶ್‌ಬೋರ್ಡ್ ತೋರಿಸ್ತಿದ್ದ, ಏಸಿ ಹಾಕಿ ತೋರಿಸ್ತಿದ್ದ. ಅಜ್ಜ ಪ್ರತಿ ಸಲ ಒಂದೇ ಮಾತು ಕೇಳೋದು: "ಇದರಲ್ಲಿ ನನ್ನ ಕೂರ್ಸ್ಕಂಡು ಗೋಕರ್ಣಕ್ಕೆ ಹೋಗೂದು ಯಾವಾಗ?" ಅಜ್ಜ 2021ರಲ್ಲಿ ತೀರಿಕೊಂಡ. ಮಾವನಿಗೆ ಬರೂಕೆ ಆಗ್ಲಿಲ್ಲ.

ಇಷ್ಟು ಗೊತ್ತಿದ್ರೆ 2024ರ ಫೆಬ್ರವರಿಯಲ್ಲಿ ಮಾವ ಫೋನ್ ಮಾಡಿ "ತಮಾ, ಜೂನ್‌ನಲ್ಲಿ ಪೂರ್ತಿ ಬಿಟ್ಟು ಬರ್ತೆ, ಕಾರ್ ತರೂಕೆ ಆಗ್ತದಾ ನೋಡು, ನೀ ಬಿಕಾಂ ಓದ್ತೆ ಅಲ್ಲಾ" ಅಂದಾಗ ಅದು ಬರೀ ಕಾರಿನ ವಿಷಯ ಆಗಿರ್ಲಿಲ್ಲ ಅಂತ ಅರ್ಥ ಆಗ್ತದೆ. ನನಗೆ ಆವಾಗ ಅಷ್ಟು ಅರ್ಥ ಆಗಿರ್ಲಿಲ್ಲ. ಮನೇಲಿ ಮೊದಲ ಸಲ ಯಾರೋ ನನ್ನ ಓದಿನ ಬಗ್ಗೆ ಕೇಳಿದ್ರಲ್ಲ ಅನ್ನೋ ಖುಷಿ ಅಷ್ಟೇ. ಅದೇ ವಾರ ಕ್ಲಾಸಲ್ಲಿ ಕಸ್ಟಮ್ಸ್ ಡ್ಯೂಟಿ ಪಾಠ ಶುರುವಾಗಿತ್ತು. ಫೋನ್ ಇಡೋ ಮೊದ್ಲೇ ಹೇಳಿಬಿಟ್ಟೆ, ಆಗ್ತದೆ ಅಂತ.

2.
ಎರಡನೇ ಫೋಟೋ ನನ್ನ ನೋಟ್‌ಬುಕ್ಕಿನ ಪುಟ. ಅಕ್ಷರ ನೋಡಿ ನಗಬೇಡಿ.

ಮೊದ್ಲು ನಾನು ಅಂದ್ಕೊಂಡದ್ದು, ಪೂರ್ತಿ ಊರಿಗೆ ಬರೋರು ಟಿವಿ, ಫ್ರಿಜ್, ವಾಷಿಂಗ್ ಮಷೀನ್ ತರ್ತಾರಲ್ಲ, ಅದಕ್ಕೆ ರಿಯಾಯಿತಿ ಇರ್ತದಲ್ಲ, ಕಾರೂ ಅದೇ ಲೆಕ್ಕದಲ್ಲಿ ಬರ್ತದೆ ಅಂತ. ಇಲ್ಲ. 1962ರ ಕಸ್ಟಮ್ಸ್ ಕಾಯ್ದೆಯ ಶುರುವಿನಲ್ಲೇ, 2ನೇ ಕಲಮಿನಲ್ಲಿ, ಬ್ಯಾಗೇಜ್ ಅಂದ್ರೆ ಏನು ಅಂತ ಬರೆದಿದ್ದಾರೆ. ಆ ಸಾಲಿನ ಬಾಲದಲ್ಲಿ ಮೋಟಾರು ವಾಹನ ಇದರಲ್ಲಿ ಸೇರೋದಿಲ್ಲ ಅಂತಿದೆ. ಅಂದ್ರೆ ನೀವು 17 ವರ್ಷ ಇದ್ದು ಬನ್ನಿ, 70 ವರ್ಷ ಇದ್ದು ಬನ್ನಿ, ಕಾರು ನಿಮ್ಮ ಗಂಟುಮೂಟೆ ಅಲ್ಲ. ಅದು ಆಮದು.

ಆಮದು ಅಂದ್ಮೇಲೆ ಸುಂಕ. ಬಳಸಿದ ಕಾರಿಗೆ ಆಗ ಮೂಲ ಸುಂಕ ನೂರಕ್ಕೆ 125. ಆ ಸುಂಕದ ಮೇಲೆ ನೂರಕ್ಕೆ 10 ಸಮಾಜ ಕಲ್ಯಾಣ ಸರ್ಚಾರ್ಜ್, ಅಂದ್ರೆ ಇನ್ನೊಂದು 12.5. ಒಟ್ಟು 137.5. ಕಾರಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಎಲ್ಲಾ ಸೇರಿ 6 ಲಕ್ಷ ಅಂತ ಹಿಡ್ಕೊಂಡೆ. ಸುಂಕ 8 ಲಕ್ಷದ 25 ಸಾವಿರ. ಎರಡೂ ಕೂಡಿದ್ರೆ 14 ಲಕ್ಷದ 25 ಸಾವಿರ. ಇದರ ಮೇಲೆ ಐಜಿಎಸ್‌ಟಿ, 28 ಅಂತ ಹಾಕಿದೆ, 3 ಲಕ್ಷದ 99 ಸಾವಿರ. ಒಟ್ಟು 18 ಲಕ್ಷದ 24 ಸಾವಿರ. ಒಂಬತ್ತು ವರ್ಷ ಹಳೇ ಕೊರೊಲಾಗೆ! ಪರಿಹಾರ ಸೆಸ್ಸು ನಾನು ಹಾಕೇ ಇರ್ಲಿಲ್ಲ. ಇಲ್ಲಿಯ ಆರ್‌ಟಿಒ ತೆರಿಗೆಯೂ ಬೇರೆ.

ಲೆಕ್ಕ ಮುಗಿಸಿ ಹೊರಗೆ ಬಂದು ಒಂದು ಲೋಟ ನೀರು ಕುಡಿದೆ. ಆಯಿ ಕೇಳಿದ್ಲು, "ಎಂತಾಯ್ತಾ?" ಏನಿಲ್ಲ ಅಂದೆ.

ಕ್ಲಾಸ್‌ಮೇಟ್ ಒಬ್ಬನಿಗೆ ತೋರಿಸಿದ್ರೆ ಅವ ಹೇಳಿದ್ದು, "ಸಚಿನ್‌ಗೇ ಬಿಡ್ಲಿಲ್ಲ ಮಾರಾಯಾ, ನಿನ್ನ ಮಾವನಿಗೆ ಬಿಡ್ತಾರಾ?" ಅದು ನಿಜ. ತೆಂಡೂಲ್ಕರ್‌ಗೆ ಫೆರಾರಿ 360 ಮೊಡೆನಾ ಉಡುಗೊರೆ ಬಂದಾಗ ಸರ್ಕಾರ ಸುಂಕ ಮನ್ನಾ ಮಾಡ್ತು, ಗಲಾಟೆ ಆಯ್ತು, ವಿಷಯ ಕೋರ್ಟಿಗೆ ಹೋಯ್ತು. ಕೊನೆಗೆ ಕಾರು ಕೊಟ್ಟ ಫಿಯೆಟ್ ಕಂಪನಿಯೇ ಕೋಟಿ ದಾಟಿದ ಸುಂಕ ಕಟ್ತು. ನಾವೆಲ್ಲ ಹುಟ್ಟೋ ಮೊದ್ಲಿನ ಕತೆ ಇದು.

(ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ. 2025ರ ಬಜೆಟ್ ದಿನ 125 ಇದ್ದದ್ದು 70ಕ್ಕೆ ಇಳೀತು ಅಂತ ಸ್ಟೇಟಸ್ ಹಾಕಿದ್ರಲ್ಲ ಕೆಲವರು, ಪೂರ್ತಿ ಓದಿ. ಸರ್ಚಾರ್ಜ್ ತೆಗೆದು ಕೃಷಿ ಮೂಲಸೌಕರ್ಯ ಸೆಸ್ ಅಂತ 67.5 ಸೇರಿಸಿದ್ದಾರೆ. ಕೂಡಿಸಿ ನೋಡಿ. ಮತ್ತೆ ಅದೇ 137.5.)

3.
ಇಷ್ಟಾದ್ರೂ ನಾನು ಮಾವನಿಗೆ ಬೇಡ ಅನ್ಲಿಲ್ಲ. "ಸ್ವಲ್ಪ ಜಾಸ್ತಿ ಆಗ್ತದೆ ಮಾವಾ, ನೋಡ್ವಾ" ಅಂದೆ. ಮಾವ ನಕ್ಕು, "ಕಡಿಮೆ ಆಗೂಕೆ ಎಂತಾದ್ರೂ ದಾರಿ ಇರ್ತದೆ, ನೀ ಹುಡುಕು" ಅಂದ. ಮಾರ್ಚ್‌ನಲ್ಲಿ ಅವ್ನ ಪಕ್ಕದ ರೂಮಿನವ ಒಬ್ಬ ಅದೇ ಕಾರಿಗೆ 24,000 ದಿರ್ಹಂ ಕೊಡ್ತೆ ಅಂತ ಬಂದಿದ್ದನಂತೆ. ಮಾವ ಕೊಡ್ಲಿಲ್ಲ. "ನಮ್ಮ ಹುಡುಗ ನೋಡ್ತಾ ಇದ್ದಾ, ಊರಿಗೆ ತಕಂಡು ಹೋಗ್ತೆ" ಅಂದನಂತೆ. ಆ ಮಾತು ನನಗೆ ಗೊತ್ತಾದದ್ದು ಆಮೇಲೆ.

ಏಪ್ರಿಲ್ ಕೊನೆಗೆ, ಇಂಟರ್ನಲ್ಸ್ ಮುಗಿದ ಮೇಲೆ, ಸರ್ ಹತ್ರ ಹೋಗಿ ನೋಟ್‌ಬುಕ್ ತೋರಿಸಿದೆ. ಅವ್ರು ಲೆಕ್ಕ ಪೂರ್ತಿ ನೋಡಿ, ಸರಿ ಇದೆ ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು: "ದರ ನೋಡಿದೆ, ಷರತ್ತು ನೋಡಿದ್ಯಾ?"

ನೋಡಿರ್ಲಿಲ್ಲ. ಸುಂಕದ ದರ ಒಂದು ಕಡೆ ಇರ್ತದೆ. ಆ ವಸ್ತು ತರಬಹುದಾ ಇಲ್ವಾ ಅನ್ನೋದು ಇನ್ನೊಂದು ಕಡೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಲ್ಲಿ. ವಾಹನಗಳು 87ನೇ ಅಧ್ಯಾಯ. ಮಧ್ಯಾಹ್ನ ಲೈಬ್ರರಿಯ ಕಂಪ್ಯೂಟರ್‌ನಲ್ಲಿ ತೆಗೆದು ಓದ್ದೆ. ಬಳಸಿದ ಕಾರು ತರಬೇಕಾದ್ರೆ ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ಇರಬೇಕು. ಹೆಡ್‌ಲೈಟಿನ ಬೆಳಕು ಎಡಕ್ಕೆ ಓಡ್ಸೋ ರಸ್ತೆಗೆ ಹೊಂದಬೇಕು. ಇನ್ನೂ ಐದು ವರ್ಷ ರಸ್ತೆ ಮೇಲೆ ಓಡೋ ಯೋಗ್ಯತೆ ಇರಬೇಕು. ಇಳಿಸೋದು ಮುಂಬೈ ಬಂದರಿನಲ್ಲಿ ಮಾತ್ರ. ನಾನು ಕಾರವಾರ ಬಂದರಿನ ಕನಸು ಕಂಡಿದ್ದೆ, ಅದನ್ನ ಬಿಡಿ.

ಮಾವನ ಕಾರು ಒಂಬತ್ತು ವರ್ಷದ್ದು. ಸ್ಟೇರಿಂಗ್ ಎಡಗಡೆ.

ವಿಡಿಯೋ ಕಾಲ್‌ನಲ್ಲಿ ಆರು ವರ್ಷ ನೋಡಿದ ಸ್ಟೇರಿಂಗ್ ಅದು. ಮಾವ ಎಡಗಡೆ ಕೂತು ಓಡಿಸ್ತಾ ಇರೋದು ದಿನಾ ಕಾಣ್ತಿತ್ತು. ಅದು ಒಂದು ತೊಡಕು ಅಂತ ಒಂದು ದಿನವೂ ತಲೆಗೆ ಹೋಗ್ಲಿಲ್ಲ. ನಾನು ಶೇಕಡಾವಾರು ಲೆಕ್ಕ ಹಾಕ್ತಾ ಕೂತಿದ್ದೆ. 18 ಲಕ್ಷ ಕಟ್ಟೋಕೆ ಮಾವ ತಯಾರಾಗಿದ್ರೂ ಆ ಕಾರು ಒಳಗೆ ಬರ್ತಿರ್ಲಿಲ್ಲ. ನನ್ನ ಲೆಕ್ಕ ಸರಿ, ಉತ್ತರ ತಪ್ಪು.

ಹೆಡ್‌ಲೈಟ್ ಯಾಕೆ ಅಂತ ಕೆಲವರು ಕೇಳ್ತೀರಿ. ಬಲಕ್ಕೆ ಓಡ್ಸೋ ದೇಶದ ಕಾರಿನ ಬೆಳಕು ಸ್ವಲ್ಪ ಬಲಕ್ಕೆ ಚಾಚಿರ್ತದೆ, ಅಲ್ಲಿ ರಸ್ತೆಯ ಅಂಚು ಕಾಣ್ಲಿ ಅಂತ. ಅದೇ ಬೆಳಕು ನಮ್ಮಲ್ಲಿ ಎದುರಿಗೆ ಬರೋನ ಕಣ್ಣಿಗೆ ಹೊಡೀತದೆ. ಇನ್ನು ಲಾರಿ ಹಿಂದೆ ಸಿಕ್ಕಿಬಿದ್ರೆ ಎಡಗಡೆ ಕೂತವನಿಗೆ ಓವರ್‌ಟೇಕ್ ಮಾಡೂಕೆ ಮುಂದಿನ ರಸ್ತೆನೇ ಕಾಣೂದಿಲ್ಲ. ನಿಯಮ ಸುಮ್ನೆ ಕಾಟ ಕೊಡೂಕೆ ಮಾಡಿದ್ದಲ್ಲ, ಇದನ್ನ ಒಪ್ತೇನೆ. ಆದ್ರೆ ಆ ಮಧ್ಯಾಹ್ನ ಒಪ್ಪೋ ಸ್ಥಿತಿಯಲ್ಲಿ ನಾನಿರ್ಲಿಲ್ಲ.

4.
ಆ ರಾತ್ರಿ ಫೋನ್ ಮಾಡಿದೆ. ಮಾವ ನಂಬ್ಲಿಲ್ಲ.

"ಕೇರಳದಲ್ಲಿ ದುಬೈ ನಂಬರಿನ ಗಾಡಿ ಓಡ್ತವಲ್ಲಾ? ಗೋಕರ್ಣದಲ್ಲಿ ಫಾರಿನರ್ಸ್ ಗಾಡಿ ನಿಲ್ಸ್ಕಂಡಿರ್ತಾರೆ, ಅವು ಬಲಗಡೆ ಸ್ಟೇರಿಂಗಾ?"

ನ್ಯಾಯದ ಪ್ರಶ್ನೆ. ಗೋಕರ್ಣದಲ್ಲಿ ಯುರೋಪಿನ ಪ್ಲೇಟ್ ಹಾಕಿದ, ಮನೆ ತರ ಮಾಡಿಕೊಂಡ ವ್ಯಾನುಗಳನ್ನ ನೀವೂ ನೋಡಿರ್ತೀರಿ. ಅವು ಬರೋದು ಕಾರ್ನೆ ಅನ್ನೋ ಕಾಗದದ ಮೇಲೆ. ಕಾರ್ನೆ ಅಂದ್ರೆ ಗಾಡಿಯ ಪಾಸ್‌ಪೋರ್ಟ್ ಇದ್ದಂಗೆ. ನಿಮ್ಮ ದೇಶದ ಆಟೋಮೊಬೈಲ್ ಕ್ಲಬ್ಬಿನಲ್ಲಿ ದೊಡ್ಡ ಮೊತ್ತದ ಠೇವಣಿನೋ ಬ್ಯಾಂಕ್ ಗ್ಯಾರಂಟಿನೋ ಇಟ್ರೆ ಪುಸ್ತಕ ಕೊಡ್ತಾರೆ. ಒಳಗೆ ಬರುವಾಗ ಒಂದು ಸೀಲು, ಹೊರಗೆ ಹೋಗುವಾಗ ಒಂದು ಸೀಲು. ಸುಂಕ ಇಲ್ಲ. ಆದ್ರೆ ಆರು ತಿಂಗಳೊಳಗೆ ಗಾಡಿ ದೇಶ ಬಿಡಬೇಕು. ಬಿಡ್ಲಿಲ್ಲ ಅಂದ್ರೆ ಸುಂಕ ಪೂರ್ತಿ ವಸೂಲಿ, ಮೊದಲು ಠೇವಣಿಗೆ ಕೈ. ಎಡಗಡೆ ಸ್ಟೇರಿಂಗಿನ ಗಾಡಿ ಇಲ್ಲಿ ಓಡ್ಸೋದು ಪೂರ್ತಿ ನಿಷೇಧ ಅಲ್ಲ. ಸಿಗ್ನಲ್ ಕೊಡೋ ಸಾಧನ ಸರಿ ಇದ್ರೆ ಓಡಿಸಬಹುದು ಅಂತ 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಹೇಳ್ತದೆ. ಓಡಬಹುದು, ಉಳಿಯೋ ಹಾಗಿಲ್ಲ.

ಇಷ್ಟು ಹೇಳಿದ್ದೇ ತಪ್ಪಾಯ್ತು. ಮಾವನಿಗೆ ಆಸೆ ಹುಟ್ಟಿತು. ಎರಡು ದಿನ ಬಿಟ್ಟು ಫೋನ್. ಅಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದನಂತೆ. ಕಾರ್ನೆ ಮೇಲೆ ಕಳಿಸೋದು, ಆರು ತಿಂಗಳು ಆದ್ಮೇಲೆ "ನಾವು ನೋಡ್ಕಳ್ತೇವೆ" ಅಂದನಂತೆ. ಏನು ನೋಡ್ಕೊಳ್ತಾರೆ ಅಂತ ಮಾವ ಕೇಳಿಲ್ಲ. ಏಜೆಂಟ್ ಹೇಳಿಲ್ಲ. ಠೇವಣಿ ಮಾವನ ಹೆಸರಲ್ಲಿ, ಗಾಡಿ ಮಾವನ ಹೆಸರಲ್ಲಿ, ಕಮಿಷನ್ ಮಾತ್ರ ಅವನ ಹೆಸರಲ್ಲಿ.

ನಾನು ಹೇಳ್ದೆ, "ಬೇಡ ಮಾವಾ. ಆರು ತಿಂಗಳಾದ್ಮೇಲೆ ಅದು ಕಳ್ಳಮಾಲು ಆಗ್ತದೆ. ಮನೆ ಮುಂದೆ ನಿಲ್ಸ್ಕಂಡು ಅಧಿಕಾರಿಗಳು ಬರೋದನ್ನ ಕಾಯ್ತಾ ಕೂರೂಕೆ ಆಗೂದಿಲ್ಲ."

ಮಾವ ಸುಮಾರು ಹೊತ್ತು ಸುಮ್ನಿದ್ದ. ಆಮೇಲೆ ಹೇಳ್ದ, "ಆರು ತಿಂಗಳು ಸಾಕಾಗಿತ್ತಾ ತಮಾ. ಒಂದ್ಸಲ ಅಂಗಳದಲ್ಲಿ ನಿಲ್ಲಿಸ್ಬೇಕಿತ್ತು."

ನಾನು ಏನೂ ಹೇಳ್ಲಿಲ್ಲ. ಕಾನೂನು ಪ್ರಕಾರ ಆರು ತಿಂಗಳು ತಂದು ವಾಪಸ್ ಕಳಿಸಬಹುದಿತ್ತು. ಹಡಗಿನ ಎರಡೂ ಕಡೆಯ ಬಾಡಿಗೆ, ಠೇವಣಿ, ಇಲ್ಲಿಯ ವಿಮೆ, ಮತ್ತೆ ಅಲ್ಲಿ ಮಾರೋಕೆ ಒಬ್ಬ ಮನುಷ್ಯ. ಕೆಲಸ ಬಿಟ್ಟು ಬರೋನಿಗೆ ಅದೆಲ್ಲ ಎಲ್ಲಿಂದ? ಮಾವನಿಗೂ ಗೊತ್ತಿತ್ತು. ಫೋನ್ ಇಟ್ಟ. ಮೂರು ವಾರ ಮಾಡ್ಲಿಲ್ಲ. ಆಯಿ ನನ್ನ ಮುಖ ನೋಡೋದು, ನಾನು ಫೋನ್ ನೋಡೋದು.

ಜೂನ್ ಮೊದಲ ವಾರ ಕಾರು ಹೋಯ್ತು, 18,500 ದಿರ್ಹಂಗೆ. ಪಕ್ಕದ ರೂಮಿನವ ಅಷ್ಟರಲ್ಲಿ ಬೇರೆ ಗಾಡಿ ತಗೊಂಡಿದ್ದ. ಊರಿಗೆ ಹೋಗೋನ ಅವಸರ ತಗೊಳ್ಳೋರಿಗೆ ಗೊತ್ತಾಗ್ತದೆ. 24,000ಕ್ಕೂ 18,500ಕ್ಕೂ ನಡುವೆ ಇರೋದು 5,500 ದಿರ್ಹಂ. ನಮ್ಮ ದುಡ್ಡಲ್ಲಿ ಒಂದೂಕಾಲು ಲಕ್ಷದ ಹತ್ರ. ನನ್ನ ಮೂರು ವರ್ಷದ ಕಾಲೇಜ್ ಫೀಸು, ಬಸ್ ಪಾಸು, ಪುಸ್ತಕ ಎಲ್ಲಾ ಕೂಡಿದ್ರೂ ಅಷ್ಟಾಗ್ಲಿಲ್ಲ.

5.
ಈ ಫೋಟೋ ಮಾಜಾಳಿಯದು. ಗೋವಾದಿಂದ ಬರುವಾಗ ಬಸ್ಸಿಗೆ ಹತ್ತಿ ಬ್ಯಾಗ್ ಮುಟ್ಟಿ ನೋಡ್ತಾರಲ್ಲ, ಆ ಚೆಕ್‌ಪೋಸ್ಟ್ ಹತ್ರ. ಬಾಟ್ಲಿ ಇದ್ದವನ ಮುಖ ದೂರದಿಂದ್ಲೇ ಗೊತ್ತಾಗ್ತದೆ.

ಮಾವ ಬಂದ ಮೇಲೆ ಒಂದು ಸಂಜೆ ಅವರ್ಸಾದ ಮನೆಯ ಜಗಲಿ ಮೇಲೆ ಕೂತು ಇದೇ ವಿಷಯ ಮಾತಾಡ್ತಿದ್ವಿ. ಅಜ್ಜಿಯ ತವರು ಮಾಜಾಳಿ. ಅವಳಿಗೆ ಈಗ ಎಂಬತ್ತು. ನಮ್ಮ ಮಾತೆಲ್ಲ ಕೇಳಿ, "ಗಡಿ ದಾಟ್ಸೂದು ಅಂದ್ರೆ ಯಾವಾಗ್ಲೂ ಹೀಂಗೇಯಾ" ಅಂದ್ಲು. ಅವಳು ಹುಡುಗಿ ಆಗಿದ್ದಾಗ ಮಾಜಾಳಿ ದಾಟಿದ್ರೆ ಗೋವಾ ರಾಜ್ಯ ಅಲ್ಲ, ಪೋರ್ತುಗೀಸರ ದೇಶ. 1961ರ ಡಿಸೆಂಬರ್ 19ರ ತನಕ. ಆಚೆ ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರೂಕೆ ಕಾಗದ ಬೇಕಿತ್ತು ಅಂತ ಅಜ್ಜಿ ಹೇಳ್ತಾಳೆ. ಈಗ ನಾವು ಸಿನಿಮಾ ನೋಡೋಕೆ ಮಡಗಾಂವಿಗೆ ಹೋಗ್ತೇವೆ.

ಆಗ ಗೋವಾದಲ್ಲಿ ವಿದೇಶಿ ಕಾರು ಸಲೀಸಾಗಿ ಇಳೀತಿತ್ತು, ಮರ್ಸಿಡಿಸ್ ಟ್ಯಾಕ್ಸಿಗಳೇ ಓಡ್ತಿದ್ವು. ಈಚೆ ನಮ್ಮಲ್ಲಿ ಅಂಬಾಸಡರ್, ಫಿಯೆಟ್ಟು. ನನಗೆ ಇನ್ನೊಂದು ವಿಷಯ ಓದಿ ಮಜಾ ಅನ್ಸಿದ್ದು: ಪೋರ್ತುಗಲ್ 1928ರಲ್ಲಿ ರಸ್ತೆಯ ಎಡಗಡೆ ಬಿಟ್ಟು ಬಲಗಡೆ ಓಡ್ಸೋಕೆ ಶುರು ಮಾಡ್ತು. ಗೋವಾವನ್ನ ಮಾತ್ರ ಎಡಕ್ಕೇ ಬಿಟ್ರು, ಸುತ್ತ ಇರೋ ಬ್ರಿಟಿಷ್ ಇಂಡಿಯಾದಲ್ಲಿ ಎಲ್ಲಾ ಎಡಕ್ಕೆ ಓಡಿಸ್ತಿದ್ರಲ್ಲ. ಹಾಗೆ ಬಿಡದೇ ಹೋಗಿದ್ರೆ ಮಾಜಾಳಿಯಲ್ಲೇ ಗಾಡಿಗಳೆಲ್ಲ ರಸ್ತೆಯ ಬದಿ ಬದಲಿಸ್ಬೇಕಿತ್ತು. ಇದನ್ನ ಹೇಳಿದಾಗ ಮಾವ, ಊರಿಗೆ ಬಂದ್ಮೇಲೆ ಮೊದಲ ಸಲ, ಜೋರಾಗಿ ನಕ್ಕ. "ಹಂಗಾಗಿದ್ರೆ ನನ್ನ ಕೊರೊಲಾ ಕಾಣಕೋಣದವರೆಗಾದ್ರೂ ಬರ್ತಿತ್ತು" ಅಂದ.

ದುಡ್ಡಿನ ಮಾತು ನಾನೇ ತೆಗೆದೆ. 24,000ದ ವಿಷಯ ಆಯಿ ಹೇಳಿದ್ಲು ಅಂದೆ. ನಾನು ಮೊದ್ಲೇ ಸರಿಯಾಗಿ ಓದಿ ಹೇಳಿದ್ರೆ ಮಾರ್ಚ್‌ನಲ್ಲೇ ಕೊಟ್ಟು ಬರ್ತಿದ್ದೆ ಅಲ್ಲಾ ಅಂದೆ. ಮಾವ ಕವಳದ ತಟ್ಟೆ ಹತ್ರ ಎಳ್ಕಂಡು ಅಡಿಕೆ ಕತ್ತರಿಸ್ತಾ ಕೂತ. ಹೌದು ಅಂತಾನೂ ಅನ್ಲಿಲ್ಲ, ಇಲ್ಲ ಅಂತಾನೂ ಅನ್ಲಿಲ್ಲ.

6.
ಕೊನೆಯ ಫೋಟೋದ ಕಾರು ಈಗಿಂದು. 2024ರ ಅಕ್ಟೋಬರ್‌ನಲ್ಲಿ ಮಡಗಾಂವಿನಲ್ಲಿ ಸಿಕ್ಕಿದ ಸೆಕೆಂಡ್ ಹ್ಯಾಂಡ್ ಗಾಡಿ, ಗೋವಾ ಪಾಸಿಂಗ್. ಕಾರವಾರದಲ್ಲಿ ಜಿಎ ನಂಬರಿನ ಗಾಡಿ ಎಷ್ಟಿವೆ ಅಂತ ಎಣಿಸೂಕೆ ಹೋಗ್ಬೇಡಿ, ಬೆಳಗಾಗ್ತದೆ. ಬಹಳ ಜನ ಹಾಗೇ ಓಡಿಸ್ತಾರೆ. ಮಾವನ ಸ್ನೇಹಿತರೂ ಅದೇ ಹೇಳಿದ್ರು, "ಯಾರ್ ಕೇಳ್ತಾರೆ?"

ಮಾವ ನನ್ನ ಕಡೆ ನೋಡಿ, "ಈ ಸಲ ಷರತ್ತು ಓದಿ ಹೇಳು" ಅಂದ. ಅಷ್ಟೇ ಹೇಳಿದ್ದು ಅವ, ಆ ವಿಷಯದ ಬಗ್ಗೆ, ಇವತ್ತಿನವರೆಗೆ.

ಓದ್ದೆ. ಬೇರೆ ರಾಜ್ಯದ ಗಾಡಿ 12 ತಿಂಗಳ ಮೇಲೆ ಇಲ್ಲೇ ಇಟ್ಕೊಂಡ್ರೆ ಇಲ್ಲಿಯ ನಂಬರ್ ಮಾಡಿಸ್ಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಗೋವಾದ ಆರ್‌ಟಿಒದಿಂದ ಎನ್‌ಒಸಿ, ಅದಕ್ಕೆ ಫಾರ್ಮ್ 28. ಅದಕ್ಕೂ ಮೊದ್ಲು ಹಿಂದಿನ ಮಾಲೀಕನ ಬ್ಯಾಂಕ್ ಸಾಲ ತೀರಿದ್ಯಾ ಅಂತ ಆರ್‌ಸಿಯಲ್ಲಿ ನೋಡಬೇಕು. ಅದು ಇದ್ದಂಗೆ ಇದ್ರೆ ಮುಂದೆ ಹೆಜ್ಜೆ ಇಡ್ಬೇಡಿ. ಮಾಲೀಕತ್ವ ಬದಲಿಸೋಕೆ 29, 30. ಹೊಸ ನಂಬರಿಗೆ 27. ಆಮೇಲೆ ಗಾಡಿ ತಗೊಂಡು ಹೋಗಿ ಚಾಸಿ ನಂಬರ್ ತೋರಿಸೋದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟೋದು. ಗಾಡಿ ಹಳೇದಾದಷ್ಟೂ ತೆರಿಗೆಯ ಪಾಲು ಕಡಿಮೆ ಆಗ್ತಾ ಹೋಗ್ತದೆ, ಇದು ನಮಗೆ ಉಪಕಾರ ಆಯ್ತು. ಈ ಸಲ ಎಲ್ಲಾ ಓದಿ, ಒಟ್ಟು ಖರ್ಚು ಬರೆದು, "ಇಷ್ಟಾಗ್ತದೆ, ಇದಕ್ಕಿಂತ ಜಾಸ್ತಿ ಆದ್ರೆ ನನ್ನ ಕೇಳು" ಅಂತ ಮಾವನ ಕೈಗೆ ಕೊಟ್ಟ ಮೇಲೇ ಅವ ಮುಂಗಡ ಕೊಟ್ಟದ್ದು. 640 ರೂಪಾಯಿ ತಪ್ಪಿತು. ನನ್ನ ಲೆಕ್ಕ ಜಾಸ್ತಿ ಇತ್ತು.

ಗಾಡಿ ತರುವಾಗ ನಾನೂ ಹೋಗಿದ್ದೆ. ಕಾಳಿ ನದಿಯ ಹಳೇ ಸೇತುವೆ ಆಗಸ್ಟ್ 7ರ ರಾತ್ರಿ ಕುಸಿದುಬಿದ್ದಿತ್ತಲ್ಲ, ಹೊಸ ಸೇತುವೆಯ ಮೇಲೇ ಎರಡೂ ಕಡೆಯ ಗಾಡಿ. ಸದಾಶಿವಗಡದ ಹತ್ರ ಸಾಲು ನಿಂತಿತ್ತು. ಮಾವ ಅಲ್ಲಿವರೆಗೆ ನೆಟ್ಟಗೆ ಓಡಿಸ್ಕೊಂಡು ಬಂದವ ಚಹಾ ಕುಡಿಯೋಕೆ ಅಂತ ಇಳಿದ. ವಾಪಸ್ ಬಂದು ಎಡಗಡೆ ಬಾಗಿಲು ತೆಗೆದು, ಕೂತು, ಬೆಲ್ಟ್ ಹಾಕ್ಕೊಂಡು, ಕೈ ಮುಂದೆ ಚಾಚಿದ. ಸ್ಟೇರಿಂಗ್ ಇಲ್ಲ.

ನಾನು ನಗಲಿಲ್ಲ. ಮಾವ ಕೀಲಿ ನನ್ನ ಕೈಗೆ ಕೊಟ್ಟು, "ನೀನೇ ಹೊಡಿ ತಮಾ" ಅಂದ. ನನಗೆ ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು. ಸೇತುವೆ ಮೇಲೆ ಎರಡು ಸಲ ಬಂದ್ ಬಿತ್ತು. ಹಿಂದಿನ ಲಾರಿಯವ ಹಾರ್ನ್ ಹಾಕಿ ಹಾಕಿ ಇಟ್ಟ. ಅವರ್ಸಾಕ್ಕೆ ಬಂದಾಗ ಅಜ್ಜಿ ಆರತಿ ತಟ್ಟೆ ಹಿಡ್ಕಂಡು ಅಂಗಳದಲ್ಲಿ ನಿಂತಿದ್ಲು. ಮರುದಿನ ಅವಳನ್ನ ಮುಂದೆ ಕೂರಿಸ್ಕೊಂಡು ಗೋಕರ್ಣಕ್ಕೆ ಹೋದ್ವಿ, ಅಜ್ಜನ ಫೋಟೋ ಅವಳ ಚೀಲದಲ್ಲಿತ್ತು.

ಕೆಎ 30 ನಂಬರ್ ಬಂದದ್ದು ಜನವರಿಯಲ್ಲಿ. ಹಳೇ ಜಿಎ ಪ್ಲೇಟು ಮಾವನ ಕೊಟ್ಟಿಗೆಯಲ್ಲಿದೆ. ಗೋವಾ ಪಾಸಿಂಗ್ ಗಾಡಿ ಇಟ್ಕೊಂಡು ಇನ್ನೂ ಎನ್‌ಒಸಿ ಮಾಡಿಸದವ್ರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಫಾರ್ಮ್‌ಗಳನ್ನ ಯಾವ ಕ್ರಮದಲ್ಲಿ ಕೊಡ್ಬೇಕು ಅಂತ ಹೇಳ್ತೇನೆ. ಗಲ್ಫಿನ ಗಾಡಿ ತರೂಕೆ ಆಗ್ತದಾ ಅಂತ ಕೇಳೋರು, ಮೊದ್ಲು ಸ್ಟೇರಿಂಗ್ ಯಾವ ಬದಿಗಿದೆ ಅಂತ ನೋಡಿ, ಆಮೇಲೆ ಮೆಸೇಜ್ ಮಾಡಿ.